ಐದು ವರ್ಷದ ಅರಸು: ಮುಮ್ಮಡಿ ಕೃಷ್ಣರಾಜ ಒಡೆಯರ ಬದುಕು

ಪ್ರತಿ ವರ್ಷ ಮೇ ತಿಂಗಳು ಬಂದಾಗ ನಮ್ಮ ಮದ್ರಸದ ಮಕ್ಕಳಿಗೆ ಶ್ರೀರಂಗಪಟ್ಟಣದ ಪತನದ ಕಥೆ ಹೇಳುವುದು ನನ್ನ ರೂಢಿ. ಕೋಟೆಯ ಬಿರುಕು, ಮಧ್ಯಾಹ್ನದ ದಾಳಿ, ದ್ವಾರದ ಬಳಿ ಹೆಣಗಳ ರಾಶಿಯ ನಡುವೆ ದೊರೆತ ಸುಲ್ತಾನರ ಪಾರ್ಥಿವ ಶರೀರ, ಮರುದಿನ ಗುಂಬಜ್‌ನಲ್ಲಿ ದಫನ. ಕಥೆ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಮನೆಗಳಲ್ಲೂ ಅದು ಅಲ್ಲಿಗೇ ನಿಲ್ಲುತ್ತದೆ. ಕಳೆದ ಸಲ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಉಸ್ತಾದ್, ಆಮೇಲೆ ಸಿಂಹಾಸನ ಯಾರಿಗೆ ಹೋಯಿತು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮತ್ತೊಬ್ಬ ಉತ್ತರಿಸಿಬಿಟ್ಟ: "ಇಂಗ್ಲಿಷರ ಗೊಂಬೆಗೆ." ಅದು ಆ ಮಗುವಿನ ಮಾತಾಗಿರಲಿಲ್ಲ, ಹಿರಿಯರಿಂದ ಕೇಳಿದ ಮಾತಾಗಿತ್ತು. ನಾನೂ ಬಾಲ್ಯದಲ್ಲಿ ಅದನ್ನೇ ಕೇಳಿ ಬೆಳೆದವನು. ಅಂದು ಗಂಟೆ ಬಾರಿಸಿತು, ಪಾಠ ಮುಗಿಯಿತು. ಆದರೆ ಆ ಒಂದು ಪದದಲ್ಲಿ ಒಬ್ಬ ಮನುಷ್ಯನ ಎಪ್ಪತ್ತಮೂರು ವರ್ಷಗಳ ಬದುಕನ್ನು ಮುಗಿಸಿಬಿಡುವುದು ಅದ್ಲ್, ಅರ್ಥಾತ್ ನ್ಯಾಯ, ಎನಿಸಲಿಲ್ಲ. ಈ ಬರಹ ಆ ಇಬ್ಬರು ಹುಡುಗರಿಗೆ ನಾನು ಕೊಡಬೇಕಿದ್ದ ಉತ್ತರ.

ಮುಮ್ಮಡಿ ಕೃಷ್ಣರಾಜ ಒಡೆಯರು ಜನಿಸಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿಯೇ. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗೆ ಮಾತ್ರ ಅರಸರು. ಆಡಳಿತವೆಲ್ಲ ಸುಲ್ತಾನರ ಕೈಯಲ್ಲಿತ್ತು. 1796ರಲ್ಲಿ ಚಾಮರಾಜರು ಸಿಡುಬಿನಿಂದ ತೀರಿಕೊಂಡಾಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅವರ ತರುವಾಯ ಹೆಸರಿಗಾದರೂ ಇನ್ನೊಬ್ಬ ಒಡೆಯರನ್ನು ಗದ್ದುಗೆಯ ಮೇಲೆ ಕೂರಿಸುವ ಪದ್ಧತಿಯನ್ನು ಸುಲ್ತಾನರು ಕೈಬಿಟ್ಟರು. ರಾಜಮನೆತನವು ಅರಮನೆಯನ್ನು ತೊರೆದು ಸಾಮಾನ್ಯವಾದ ಒಂದು ಮನೆಯಲ್ಲಿ ದಿನ ದೂಡುವಂತಾಯಿತು. ಇದನ್ನು ನಾವು ಮರೆಮಾಚಬೇಕಾಗಿಲ್ಲ. ಸುಲ್ತಾನರನ್ನು ಪ್ರೀತಿಸುವುದೆಂದರೆ ಅವರ ಆಳ್ವಿಕೆಯಲ್ಲಿ ಇನ್ನೊಂದು ಮನೆತನ ಅನುಭವಿಸಿದ್ದನ್ನು ಇಲ್ಲವೆನ್ನುವುದಲ್ಲ. ಆ ಮನೆಯಲ್ಲಿ ಮಗುವನ್ನು ಬೆಳೆಸಿದವರು ವೃದ್ಧ ರಾಣಿ ಲಕ್ಷ್ಮಮ್ಮಣ್ಣಿಯವರು. ಇಮ್ಮಡಿ ಕೃಷ್ಣರಾಜರ ಪತ್ನಿಯಾಗಿದ್ದ ಆಕೆ 1766ರಲ್ಲಿ ವಿಧವೆಯಾದವರು. ಮೂರು ದಶಕಗಳಿಗೂ ಹೆಚ್ಚು ಕಾಲ, ತಿರುಮಲರಾವ್ ಎಂಬ ಪ್ರಧಾನರ ಮೂಲಕ, ಇಂಗ್ಲಿಷರೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿ, ತಮ್ಮ ಮನೆತನಕ್ಕೆ ರಾಜ್ಯ ಮರಳಿಸಬೇಕೆಂದು ಬೇಡುತ್ತಾ ಬಂದವರು. ಅವರ ದೃಷ್ಟಿಯಲ್ಲಿ ಅದು ಕಳೆದುಹೋದದ್ದನ್ನು ಹುಡುಕುವ ಕೆಲಸ. ನಮ್ಮ ದೃಷ್ಟಿಯಲ್ಲಿ ಅದೇನು ಎಂಬುದನ್ನು ಓದುಗರು ಬಲ್ಲರು.

1799ರ ಮೇ 4ರಂದು ಸುಲ್ತಾನರು ಹುತಾತ್ಮರಾದರು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಮುಂದೆ ಆಗ ಎರಡು ದಾರಿಗಳಿದ್ದವು. ಉಳಿದ ರಾಜ್ಯವನ್ನು ಸುಲ್ತಾನರ ಮಕ್ಕಳಲ್ಲಿ ಒಬ್ಬರಿಗೆ ಕೊಡುವುದು ಒಂದು, ಹಳೆಯ ಒಡೆಯರ ಮನೆತನಕ್ಕೆ ಕೊಡುವುದು ಇನ್ನೊಂದು. ಹಿರಿಯ ಶಹಜಾದೆ ಫತೇ ಹೈದರ್ ಶರಣಾಗುವಾಗ ಅಂತಹ ಒಂದು ಆಸೆ ಅವರಲ್ಲಿತ್ತು. ಆದರೆ ತಂದೆಯನ್ನು ಕೊಂದವರನ್ನು ಮಗ ಎಂದಾದರೂ ಕ್ಷಮಿಸುವನೇ ಎಂಬುದು ವೆಲ್ಲೆಸ್ಲಿಯ ಲೆಕ್ಕ. ಎಲ್ಲವನ್ನೂ ತಮಗೆ ಋಣಿಯಾಗಿ ಪಡೆಯುವ ಮಗುವೇ ಸುರಕ್ಷಿತವೆಂದು ಆತ ತೀರ್ಮಾನಿಸಿದ. ಇದರಲ್ಲಿ ಹಿಂದೂ ಮನೆತನದ ಮೇಲಿನ ಪ್ರೀತಿಯೂ ಇರಲಿಲ್ಲ, ನ್ಯಾಯದ ಚಿಂತೆಯೂ ಇರಲಿಲ್ಲ. ಲಾಭದ ಗಣಿತ ಮಾತ್ರ ಇತ್ತು. ಆ ಗಣಿತದಲ್ಲಿ ನಮ್ಮವರ ಪಾಲೂ ಇತ್ತೆಂಬುದನ್ನು ನೆನಪಿಡಬೇಕು. ಜೂನ್ 22ರ ವಿಭಜನಾ ಒಪ್ಪಂದದಲ್ಲಿ ಮೈಸೂರಿನ ನೆಲವನ್ನು ಹಂಚಿಕೊಂಡವರು ಕಂಪನಿ ಮತ್ತು ಹೈದರಾಬಾದಿನ ನಿಜಾಮರು. ಜೂನ್ 30ರಂದು ಮೈಸೂರಿನಲ್ಲಿ ನಡೆದ ಪಟ್ಟಾಭಿಷೇಕದಲ್ಲಿ ಮಗುವಿನ ಒಂದು ಕೈಯನ್ನು ಜನರಲ್ ಹ್ಯಾರಿಸ್ ಹಿಡಿದಿದ್ದರೆ, ಇನ್ನೊಂದು ಕೈಯನ್ನು ಹಿಡಿದು ಗದ್ದುಗೆಯತ್ತ ನಡೆಸಿದವರು ನಿಜಾಮರ ಪ್ರತಿನಿಧಿ ಮೀರ್ ಆಲಂ. ಸುಲ್ತಾನರ ಪತನವನ್ನು ಕೇವಲ ಎರಡು ಧರ್ಮಗಳ ಕಥೆಯಾಗಿ ಹೇಳುವವರು, ನಮ್ಮಲ್ಲಿರಲಿ ಇತರರಲ್ಲಿರಲಿ, ಈ ಎರಡನೆಯ ಕೈಯನ್ನು ಮರೆತುಬಿಡುತ್ತಾರೆ. ಅಂದು ಆ ಮಗುವಿಗೆ ಐದು ವರ್ಷ ತುಂಬಲು ಇನ್ನೂ ಎರಡು ವಾರ ಬಾಕಿಯಿತ್ತು. ಗೊಂಬೆ ಎಂಬ ಪದ ಅಂದಿನ ದಿನಕ್ಕೆ ಸಲ್ಲುತ್ತದೆ. ಐದು ವರ್ಷದ ಯಾವ ಮಗು ತಾನೇ ಹಿರಿಯರ ಕೈಗೊಂಬೆಯಲ್ಲ?

ಜುಲೈ 8ರಂದು ಸಹಾಯಕ ಸೈನ್ಯದ ಒಪ್ಪಂದವಾಯಿತು. ಮುಮ್ಮಡಿಯವರ ಮುಂದಿನ ಬದುಕೆಲ್ಲವೂ ಆ ಕಾಗದದ ಎರಡು ಮೂರು ಷರತ್ತುಗಳಿಗೆ ನೇತುಬಿದ್ದ ಕಾರಣ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ರಾಜ್ಯದ ರಕ್ಷಣೆಗೆಂದು ಕಂಪನಿಯ ಸೈನ್ಯ ಮೈಸೂರಿನಲ್ಲಿ ಬೀಡುಬಿಡುವುದು. ಅದರ ವೆಚ್ಚಕ್ಕೆ ಮೈಸೂರು ವರ್ಷವೂ 7 ಲಕ್ಷ ಸ್ಟಾರ್ ಪಗೋಡ ವರಾಹಗಳನ್ನು, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಸಲ್ಲಿಸುವುದು. ಈ ಹಣ ಬರುವುದು ಅನುಮಾನವೆಂದು ಗವರ್ನರ್ ಜನರಲ್‌ಗೆ ತೋರಿದರೆ, ಆತ ರಾಜ್ಯದ ಒಂದು ಭಾಗವನ್ನೋ ಹಲವು ಭಾಗಗಳನ್ನೋ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡರೂ ಅರಸರಿಗೆ ವರ್ಷಕ್ಕೆ 1 ಲಕ್ಷ ಪಗೋಡವೂ, ನಿವ್ವಳ ಕಂದಾಯದ ಐದನೆಯ ಒಂದು ಪಾಲೂ ಸಲ್ಲತಕ್ಕದ್ದು. ಸಾಲಗಾರನ ಅಂಗಡಿಗೆ ಬೀಗ ಹಾಕುವ ಅಧಿಕಾರವನ್ನು ಸಾಲ ಕೊಟ್ಟವನು ಮೊದಲ ದಿನವೇ ಬರೆಸಿಕೊಂಡಂತೆ. ಇಲ್ಲಿ ಸಾಲವೂ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಸುಲ್ತಾನರ ಆಡಳಿತದಲ್ಲಿ ಹಣಕಾಸನ್ನು ನೋಡಿಕೊಂಡಿದ್ದ ಪೂರ್ಣಯ್ಯನವರೇ ಹೊಸ ರಾಜ್ಯದ ದಿವಾನರೂ ಆದರು. ಪೂರ್ಣಯ್ಯನವರ ನಿಷ್ಠೆಯ ಬಗ್ಗೆ ನಮ್ಮವರಲ್ಲಿ ಏನೇನೋ ಮಾತುಗಳಿವೆ, ಅದು ಬೇರೆಯೇ ಲೇಖನದ ವಿಷಯ. ಅವರ ದಕ್ಷತೆಯ ಬಗ್ಗೆ ಮಾತ್ರ ಶತ್ರುವೂ ಅನುಮಾನಪಡಲಾರ. ಪೊಗದಿ ಸಂದಿತು, ಕೆರೆ ಕಾಲುವೆಗಳು ದುರಸ್ತಿಯಾದವು, ಖಜಾನೆ ತುಂಬಿತು. ಮೈಸೂರಿನ ಹಳೆಯ ಕೋಟೆಯನ್ನು ಕೆಡವಿ ಸುಲ್ತಾನರು ನಜರಬಾದಿನಲ್ಲಿ ಹೊಸ ಕೋಟೆ ಕಟ್ಟಿಸಲು ಕೊಂಡೊಯ್ದಿದ್ದ ಕಲ್ಲುಗಳು, ಈಗ ಮತ್ತೆ ಹಿಂದಕ್ಕೆ ಬಂದು ಮೈಸೂರಿನ ಕೋಟೆಯಾದವು. ಮೈಸೂರಿಗೆ ಹೋದಾಗಲೆಲ್ಲ ನನಗೆ ಆ ಕಲ್ಲುಗಳ ನೆನಪಾಗುತ್ತದೆ. ಒಂದೇ ಕಲ್ಲು ಎರಡು ಸಲ ಬಂಡಿಯೇರಿ ಎರಡು ಆಳ್ವಿಕೆಗಳಿಗೆ ಗೋಡೆಯಾಯಿತು.

ಅರಮನೆಯೊಳಗಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸಿಡುಬಿಗೆ ಲಸಿಕೆ ಹಾಕುವ ಪದ್ಧತಿ ಆಗತಾನೇ ಹಿಂದೂಸ್ತಾನಕ್ಕೆ ಬಂದಿತ್ತು, ಜನ ಹೆದರುತ್ತಿದ್ದರು. 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದಿದೆ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳನ್ನು ತೋರಿಸುವಂತಿದೆ. ಅವರಲ್ಲಿ ಬಾಲಅರಸರ ರಾಣಿಯರಿದ್ದಾರೆಂದೂ, ಲಸಿಕೆಯ ಗುರುತನ್ನು ಪ್ರಜೆಗಳಿಗೆ ತೋರಿಸಿ ಧೈರ್ಯ ತುಂಬಲೆಂದೇ ಚಿತ್ರ ಬರೆಸಲಾಯಿತೆಂದೂ ಇತ್ತೀಚಿನ ಇತಿಹಾಸಕಾರರೊಬ್ಬರ ಅಭಿಪ್ರಾಯ. ಮಗನನ್ನು ಸಿಡುಬಿಗೆ ಕಳೆದುಕೊಂಡ ಮನೆಯ ಹಿರಿಯಾಕೆ ಲಕ್ಷ್ಮಮ್ಮಣ್ಣಿಯವರು ಇದರ ಹಿಂದೆ ಇದ್ದಿರಬಹುದೆಂದು ಊಹಿಸಿದರೆ ತಪ್ಪಾಗದು. ಲಸಿಕೆಯೆಂದರೆ ಇಂದಿಗೂ ಮೂಗು ಮುರಿಯುವ ನಮ್ಮ ಕೆಲವು ಬಂಧುಗಳಿಗೆ ಈ ಇನ್ನೂರು ವರ್ಷದ ಹಳೆಯ ಚಿತ್ರವನ್ನು ತೋರಿಸಬೇಕೆಂದು ನನಗೆ ಆಗಾಗ ಅನಿಸಿದ್ದುಂಟು.

1810ರಲ್ಲಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. ಆ ಹೊತ್ತಿಗೆ ಹದಿನಾರರ ಹರೆಯದ ಅರಸರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1812ರಲ್ಲಿ ಪೂರ್ಣಯ್ಯನವರೂ ಇಲ್ಲವಾದರು. ಮುಂದಿನ ಇಪ್ಪತ್ತು ವರ್ಷಗಳು ಮುಮ್ಮಡಿಯವರ ಹೆಗ್ಗಳಿಕೆಯ ಕಾಲವಲ್ಲ, ಅದನ್ನು ಒಪ್ಪಿಕೊಳ್ಳೋಣ. ಅವರು ಕೈಬಿಚ್ಚಿ ಕೊಡುವವರು. ಪಂಡಿತರಿಗೆ, ಸಂಗೀತಗಾರರಿಗೆ, ದೇವಾಲಯಗಳಿಗೆ, ಬಂಧುಗಳಿಗೆ, ಹೊಗಳುಭಟರಿಗೆ ಖಜಾನೆ ಹರಿಯಿತು, ಸಾಲ ಬೆಳೆಯಿತು. ಕಂದಾಯ ವಸೂಲಿಯು ಶರತ್ತಿನ ಪದ್ಧತಿಗೆ ಇಳಿಯಿತು. ಅಂದರೆ ಇಷ್ಟು ಹಣ ತಂದುಕೊಡುತ್ತೇನೆಂದು ಒಪ್ಪಿದ ಅಮಲ್ದಾರ ರೈತನಿಂದ ಎಷ್ಟು ಹಿಂಡಿದನೆಂದು ಕೇಳುವವರಿಲ್ಲ. ಆದರೆ ಖರ್ಚಿನ ಇನ್ನೊಂದು ಪುಟವನ್ನು ಇಂಗ್ಲಿಷರ ವರದಿಗಳು ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. 1807ರ ಪೂರಕ ಒಪ್ಪಂದದ ಪ್ರಕಾರ ಮೈಸೂರು 4000 ಸಿಲಾದಾರ ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇಟ್ಟುಕೊಳ್ಳಬೇಕಿತ್ತು. ಪಿಂಡಾರಿಗಳ ವಿರುದ್ಧ, ಮರಾಠರ ವಿರುದ್ಧ ಕಂಪನಿ ನಡೆಸಿದ ಯುದ್ಧಗಳಲ್ಲಿ ಈ ಸವಾರರು ದೂರದೂರದ ನಾಡುಗಳಲ್ಲಿ ಹೋರಾಡಿದರು. ಗೆಲುವು ಕಂಪನಿಯದಾಯಿತು, ಕುದುರೆಯ ಹುರುಳಿಯ ಲೆಕ್ಕ ಮೈಸೂರಿನ ರೈತನ ಪಾಲಿಗೆ ಬಂತು.

1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಸ್ವತಃ ಬಂದು ಎಚ್ಚರಿಕೆ ಕೊಟ್ಟು ಹೋದ. ಪ್ರಯೋಜನವಾಗಲಿಲ್ಲ. 1830ರಲ್ಲಿ ನಗರ ಪ್ರಾಂತ್ಯ, ಅಂದರೆ ಇಂದಿನ ಶಿವಮೊಗ್ಗದ ಸೀಮೆ, ಹೊತ್ತಿ ಉರಿಯಿತು. ಹೊಳೆಹೊನ್ನೂರಿನಲ್ಲಿ ರೈತರು ಕೂಟ ಸೇರಿ ಕಂದಾಯ ಕೊಡೆವೆಂದರು. ಹಳೆಯ ಇಕ್ಕೇರಿ ಅರಸರ ವಂಶಸ್ಥ ತಾನೆಂದು ಹೇಳಿಕೊಂಡ ಬೂದಿಬಸಪ್ಪ ಎಂಬಾತ ಅವರ ಮುಂದಾಳಾದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಸೇರಿಕೊಂಡ. ಅರಸರ ಸೈನ್ಯ ಸಾಲದೆ ಕಂಪನಿಯ ಸೈನ್ಯ ಇಳಿಯಿತು. 1831ರಲ್ಲಿ ದಂಗೆ ಅಡಗಿತು. ಅಡಗಿದ ಬೆನ್ನಿಗೇ, ಅದೇ ವರ್ಷದ ಅಕ್ಟೋಬರಿನಲ್ಲಿ, ಗವರ್ನರ್ ಜನರಲ್ ಬೆಂಟಿಂಕನ ಪತ್ರ ಮೈಸೂರಿನ ಅರಮನೆಗೆ ಬಂತು. ಆಡಳಿತವನ್ನು ಕಂಪನಿ ವಹಿಸಿಕೊಳ್ಳುತ್ತಿದೆ, ಅಧಿಕಾರಿಗಳಿಗೆ ಎಲ್ಲವನ್ನೂ ಒಪ್ಪಿಸತಕ್ಕದ್ದು. ಅರಸರಿಗೆ ಆಗ ಮೂವತ್ತೇಳು ವರ್ಷ. ಅವರು ಪ್ರತಿಭಟಿಸಲಿಲ್ಲ, ಖಡ್ಗ ಹಿಡಿಯಲಿಲ್ಲ, ಒಪ್ಪಿಸಿಬಿಟ್ಟರು. ಇಲ್ಲಿ ನಮ್ಮ ಹುಡುಗರಿಗೆ ಸುಲ್ತಾನರ ನೆನಪಾಗುವುದು ಸಹಜ. ಆದರೆ ಸುಲ್ತಾನರಿಗೆ ಸೈನ್ಯವಿತ್ತು, ಕೋಟೆಯಿತ್ತು, ರಾಕೆಟ್ಟುಗಳಿದ್ದವು. ಈ ಅರಸರ ರಕ್ಷಣೆಗಿದ್ದ ಸೈನ್ಯವೇ ಅವರ ಗದ್ದುಗೆಯನ್ನು ಕಿತ್ತುಕೊಳ್ಳಲು ಬಂದಿತ್ತು.

ಮುಂದೆ ನಡೆದದ್ದು ವಿಚಿತ್ರವಾಗಿದೆ. ದಂಗೆಯ ಕಾರಣಗಳ ವಿಚಾರಣೆಗೆಂದು ಬೆಂಟಿಂಕನೇ ನೇಮಿಸಿದ ಸಮಿತಿ 1833ರ ಕೊನೆಯಲ್ಲಿ ವರದಿ ಸಲ್ಲಿಸಿತು. ಅರಸರ ಮೇಲೆ ಹೊರಿಸಿದ್ದ ಅಪರಾಧಗಳಷ್ಟು ಅವರಲ್ಲಿ ಕಾಣಲಿಲ್ಲ. 1834ರಲ್ಲಿ ಬೆಂಟಿಂಕ್ ಮೈಸೂರಿಗೆ ಬಂದು ಅರಸರನ್ನು ಭೇಟಿಯಾದ. ಕ್ರೂರಿಯನ್ನು ನಿರೀಕ್ಷಿಸಿ ಬಂದವನಿಗೆ ಬುದ್ಧಿವಂತನೂ ಸೌಮ್ಯನೂ ಆದ ಮನುಷ್ಯ ಎದುರಾದರು. ಒಪ್ಪಂದ ಕೊಟ್ಟ ಅಧಿಕಾರವನ್ನು ತಾನು ಮೀರಿದೆನೇ ಎಂಬ ಶಂಕೆಯನ್ನು ಆತ ಲಂಡನ್ನಿನ ನಿರ್ದೇಶಕರಿಗೆ ಬರೆದು ತಿಳಿಸಿದ. ರಾಜ್ಯದ ಒಂದು ಭಾಗವನ್ನಾದರೂ ಮರಳಿ ಕೊಡೋಣವೆಂದು ಸೂಚಿಸಿದ. ನಿರ್ದೇಶಕರು ಒಪ್ಪಲಿಲ್ಲ. ತನ್ನ ಹಿಂದೂಸ್ತಾನದ ಆಡಳಿತದಲ್ಲಿ ದುಃಖದಿಂದ ನೆನೆಯುವ ಸಂಗತಿಯೆಂದರೆ ಮೈಸೂರಿನದೇ ಎಂದು ಆತ ಕೊನೆಗಾಲದಲ್ಲಿ ಹೇಳಿಕೊಂಡನೆಂದು ಬರೆದವರಿದ್ದಾರೆ. ಕಸಿದುಕೊಂಡವನಿಗೆ ಪಶ್ಚಾತ್ತಾಪವಾಯಿತು. ಆದರೂ ಕಸಿದುಕೊಂಡದ್ದು ಮರಳಲಿಲ್ಲ. ಕಂಪನಿಯ ಆಡಳಿತ ಎಂತಹ ಯಂತ್ರವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರನಾಗಿ ಆಳಿದ. ಕಚೇರಿ ಬೆಂಗಳೂರಿಗೆ ಹೋಯಿತು, ಅಧಿಕಾರವೂ ಅದರ ಜೊತೆ ಹೋಯಿತು. ಆ ಬೆಂಗಳೂರಿನಲ್ಲಿ ನಮ್ಮ ಸಮುದಾಯಕ್ಕೆ ಪರಿಚಿತವಾದ ಒಂದು ಮುಖವೂ ಇತ್ತು. ಶಿರಾಜಿನಿಂದ ಕುದುರೆಗಳ ವ್ಯಾಪಾರಕ್ಕೆ ಬಂದು ನೆಲೆಸಿದ ಆಗಾ ಅಲಿ ಅಸ್ಕರ್. ಕಬ್ಬನ್‌ಗೂ ಅರಸರಿಗೂ ಏಕಕಾಲಕ್ಕೆ ಬೇಕಾದವರಾಗಿದ್ದರು ಅವರು. ಮುಂದೊಂದು ದಿನ ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ ಇದೇ ಮೈಸೂರಿಗೆ ದಿವಾನರಾದರು.

ಮೈಸೂರಿನ ಅರಮನೆಯಲ್ಲಿ ಉಳಿದದ್ದು ಸಮಯ ಮಾತ್ರ, ಬೇಕಾದಷ್ಟು ಸಮಯ. ಅದನ್ನು ಮುಮ್ಮಡಿಯವರು ಹೇಗೆ ಕಳೆದರೆಂಬುದೇ ಅವರ ಬದುಕಿನ ಅತ್ಯಂತ ಸೊಗಸಾದ ಭಾಗ. ಅವರ ಆಶ್ರಯದಲ್ಲಿ ಕನ್ನಡ ಮತ್ತು ಸಂಸ್ಕೃತದ ಪಂಡಿತರು ಬದುಕಿದರು. ಕೆಂಪುನಾರಾಯಣನ ಮುದ್ರಾಮಂಜೂಷವು 1823ರಲ್ಲಿ, ಅವರ ಆಡಳಿತದ ದಿನಗಳಲ್ಲೇ, ರಚನೆಯಾಗಿತ್ತು. ಕನ್ನಡದ ಬಿ.ಎ. ಓದಿದವರೆಲ್ಲ ಹೊಸಗನ್ನಡದ ಹೊಸ್ತಿಲಲ್ಲಿ ಅದನ್ನು ಎದುರುಗೊಂಡಿರುತ್ತಾರೆ. 1833ರಲ್ಲಿ ಅರಸರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಅಧಿಕಾರ ಹೋಗಿ ಆಗ ಎರಡೇ ವರ್ಷ! ಅರಮನೆಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ನಡೆಯಿತು. ಶ್ರೀತತ್ತ್ವನಿಧಿ ಎಂಬ ಒಂಬತ್ತು ಭಾಗಗಳ ಸಚಿತ್ರ ಗ್ರಂಥ ಸಿದ್ಧವಾಯಿತು. ಅದರ ಕೊನೆಯ ಭಾಗ ಕೌತುಕನಿಧಿಯಲ್ಲಿ ಆಟಗಳಿವೆ. ಅವರಿಗೆ ಚದುರಂಗವೆಂದರೆ ಪ್ರಾಣ. ಕುದುರೆಯೊಂದನ್ನು ಪಟದ ಅರವತ್ತನಾಲ್ಕು ಮನೆಗಳಲ್ಲಿ, ಒಂದು ಮನೆಗೂ ಎರಡು ಸಲ ಕಾಲಿಡದಂತೆ, ನಡೆಸುವ ಬಂಧಗಳನ್ನು ಅವರು ಹೊಸೆಯುತ್ತಿದ್ದರು. ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಕಲ್ಪಿಸಿದರು. ಜಗನ್ಮೋಹನ ಅರಮನೆ ಎದ್ದುನಿಂತದ್ದು 1861ರಲ್ಲಿ. ನಾಲ್ಕು ಸಾವಿರ ನಿಜವಾದ ಕುದುರೆಗಳನ್ನು ಕಂಪನಿಯ ಯುದ್ಧಗಳಿಗೆ ಕಳುಹಿಸಿದ ಅರಸರು ಕೊನೆಗೆ ಮರದ ಒಂದು ಕುದುರೆಯನ್ನು ಎಲ್ಲ ಮನೆಗಳಿಗೂ ಕ್ಷೇಮವಾಗಿ ತಲುಪಿಸುವ ಲೆಕ್ಕದಲ್ಲಿ ಮುಳುಗಿದ್ದರು.

ಆದರೆ ಅವರು ಆಟದಲ್ಲೇ ಮೈಮರೆತವರಲ್ಲ. ಮನವಿಯ ಮೇಲೆ ಮನವಿ ಹೋಗುತ್ತಲೇ ಇತ್ತು. ಹಾರ್ಡಿಂಜನಿಗೆ ಬರೆದರು, ಫಲವಿಲ್ಲ. ಡಾಲ್‌ಹೌಸಿಯಂತೂ ಅರಸರಿಗೆ ಗಂಡುಮಕ್ಕಳಿಲ್ಲ, ಅವರ ಮರಣದೊಂದಿಗೆ ಮೈಸೂರು ತಾನಾಗಿಯೇ ಕಂಪನಿಗೆ ಸೇರುತ್ತದೆ ಎಂದು 1856ರಲ್ಲಿ ಬರೆದಿಟ್ಟು ಹೋದ. 1857ರ ಬಂಡಾಯದಲ್ಲಿ ಮೈಸೂರು ಶಾಂತವಾಗಿತ್ತು. ಅರಸರು ಇಂಗ್ಲಿಷರ ಪಕ್ಷದಲ್ಲಿ ನಿಂತರು. ದಿಲ್ಲಿ ಮತ್ತು ಲಖನೌದಲ್ಲಿ ನಮ್ಮವರು ಅನುಭವಿಸಿದ್ದನ್ನು ಬಲ್ಲ ನನಗೆ ಈ ಸಾಲು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು. ಆ ನಿಷ್ಠೆಗೆ ದೊರೆತ ಬಹುಮಾನವೇನು? ಬಂಡಾಯದ ಬಳಿಕ ಕ್ಯಾನಿಂಗ್ ಹಲವು ಸಂಸ್ಥಾನಿಕರಿಗೆ ದತ್ತು ಸ್ವೀಕಾರದ ಹಕ್ಕಿನ ಸನ್ನದುಗಳನ್ನು ಕಳುಹಿಸಿದ. ಮೈಸೂರಿಗೆ ಮಾತ್ರ ಸನ್ನದು ಬರಲಿಲ್ಲ. ಬದಲಿಗೆ 1860ರಲ್ಲಿ ಮೈಸೂರನ್ನು ಮದರಾಸಿನ ಆಡಳಿತಕ್ಕೆ ಒಪ್ಪಿಸುವ ಯೋಚನೆ ಬಂತು. ಅರಸರು ವಿರೋಧಿಸಿದರು. ಇಪ್ಪತ್ತಾರು ವರ್ಷ ಅವರ ಅಧಿಕಾರವನ್ನು ತಾನೇ ಚಲಾಯಿಸಿದ ಕಬ್ಬನ್ ಕೂಡ ಈ ಸಲ ಅರಸರ ಪಕ್ಷ ವಹಿಸಿದ. ಯೋಚನೆ ಕೈಬಿಟ್ಟಿತು. 1861ರಲ್ಲಿ ಕಬ್ಬನ್ ಸ್ವದೇಶಕ್ಕೆ ಹೊರಟು, ದಾರಿಯಲ್ಲಿ ಸೂಯೆಜ್‌ನಲ್ಲಿ ಸತ್ತ.

1865ರ ಜೂನ್ 18ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಮುಮ್ಮಡಿಯವರು ಯಾರ ಅಪ್ಪಣೆಗೂ ಕಾಯದೆ ಒಂದು ಕೆಲಸ ಮಾಡಿದರು. ಬೆಟ್ಟದಕೋಟೆ ಮನೆತನದ, ಎರಡೂವರೆ ವರ್ಷ ಪ್ರಾಯದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಗೊಂಬೆಯೆಂದು ಕರೆಯಲ್ಪಟ್ಟವರು ಇಡೀ ಸಾಮ್ರಾಜ್ಯದ ಇಚ್ಛೆಗೆ ವಿರುದ್ಧವಾಗಿ ಮಾಡಿದ ಕೆಲಸವಿದು. ಕಲ್ಕತ್ತೆಯ ಸರ್ಕಾರ ದತ್ತುವನ್ನು ಮನ್ನಿಸಲಿಲ್ಲ. ವಾದ ಲಂಡನ್ನಿಗೆ ಹೋಯಿತು. ಮೇಜರ್ ಇವಾನ್ಸ್ ಬೆಲ್‌ನಂತಹ ಇಂಗ್ಲಿಷರೇ ಮೈಸೂರಿನ ಪರವಾಗಿ ಪುಸ್ತಕ ಬರೆದರು. ಹಿಂದೂಸ್ತಾನದಲ್ಲಿ ದುಡಿದು ನಿವೃತ್ತರಾದ ಅಧಿಕಾರಿಗಳು ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು. ಕೊನೆಗೆ 1867ರ ಏಪ್ರಿಲ್‌ನಲ್ಲಿ ಭಾರತ ಸಚಿವ ಸ್ಟ್ಯಾಫರ್ಡ್ ನಾರ್ತ್‌ಕೋಟ್‌ನ ಆದೇಶ ಹೊರಟಿತು. ದತ್ತು ಸಿಂಧು, ಬಾಲಕ ಪ್ರಾಯಕ್ಕೆ ಬಂದ ಮೇಲೆ ಮೈಸೂರು ಅವನದು. ಮೂವತ್ತಾರು ವರ್ಷಗಳ ಅರ್ಜಿಗಳಲ್ಲಿ ಫಲ ಕೊಟ್ಟದ್ದು ಇದೊಂದೇ, ಅದೂ ತಮಗಲ್ಲ.

ಈ ಕಥೆಯನ್ನು ಬರೆಯುವಾಗಲೆಲ್ಲ ನನ್ನ ಮನಸ್ಸು ಕಲ್ಕತ್ತೆಗೆ ಹೋಗುತ್ತದೆ. ಸುಲ್ತಾನರ ಕಿರಿಯ ಮಗ ಗುಲಾಮ್ ಮುಹಮ್ಮದ್ ಜನಿಸಿದ್ದು 1795ರಲ್ಲಿ. ಅಂದರೆ ಮುಮ್ಮಡಿಯವರಿಗಿಂತ ಒಂದು ವರ್ಷ ಕಿರಿಯರು. ಒಬ್ಬರನ್ನು ಮೈಸೂರಿನ ಗದ್ದುಗೆಗೆ ಕೊಂಡೊಯ್ದ ಅದೇ ದಿನಗಳಲ್ಲಿ ಇನ್ನೊಬ್ಬರನ್ನು ವೆಲ್ಲೂರಿನ ಕೋಟೆಗೆ, 1806ರ ಸಿಪಾಯಿಗಳ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಲಾಯಿತು. ಇಬ್ಬರೂ ಇಂಗ್ಲಿಷರು ಕೊಟ್ಟ ಹಣದ ಮೇಲೆ ಬದುಕಿದರು. ಇಬ್ಬರೂ ಜೀವಮಾನವಿಡೀ ಅರ್ಜಿ ಬರೆದರು. ಗುಲಾಮ್ ಮುಹಮ್ಮದರು 1842ರಲ್ಲಿ ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಅಲ್ಲಿದೆ. ಅಲ್ಲಾಹನಿಗೆ ಕೃತಜ್ಞತೆಯಾಗಿ, ಮತ್ತು ಬಾಕಿ ನಿಂತಿದ್ದ ತನ್ನ ವೇತನವನ್ನು ಕಂಪನಿಯ ನಿರ್ದೇಶಕರು ಮಂಜೂರು ಮಾಡಿದ ನೆನಪಿಗಾಗಿ ಅದನ್ನು ಕಟ್ಟಿಸಿದೆನೆಂದು ಅದರ ಶಿಲಾಲೇಖ ಹೇಳುತ್ತದೆ. ಟಿಪ್ಪು ಸುಲ್ತಾನರ ಮಗ ತನ್ನ ವೇತನದ ಬಾಕಿಗೆ ಕಂಪನಿಯನ್ನು ನೆನೆಯಬೇಕಾಯಿತು. ಅವರನ್ನು ನಾವು ಯಾರೂ ಗೊಂಬೆಯೆನ್ನುವುದಿಲ್ಲ, ಅವರ ಅಸಹಾಯಕತೆಯನ್ನು ಅರ್ಥಮಾಡಿಕೊಳ್ಳುತ್ತೇವೆ. ಅವರು 1872ರಲ್ಲಿ ತೀರಿಕೊಂಡರು.

ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೂ ಮುಂಚೆ, 1868ರ ಮಾರ್ಚ್ 27ರಂದು, ಮೈಸೂರಿನ ಅರಮನೆಯಲ್ಲಿ ಕೊನೆಯುಸಿರೆಳೆದರು. ಆಡಳಿತ ಅವರ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು. ಪೊಗದಿ ಆಗ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತ್ತು. ಆದರೆ ಗದ್ದುಗೆ ಅಷ್ಟು ಕಾಲ ಖಾಲಿ ಇರಲಿಲ್ಲ. ಅರಸರು ತೀರಿಕೊಂಡ ವರ್ಷವೇ, ಸೆಪ್ಟೆಂಬರ್ 23ರಂದು, ಚಾಮರಾಜೇಂದ್ರನಿಗೆ ಇಂಗ್ಲಿಷ್ ಅಧಿಕಾರಿಗಳ ಸಮಕ್ಷಮದಲ್ಲಿ ಪಟ್ಟವಾಯಿತು. ಆ ಮಗುವಿಗೂ ಆಗ ಐದೂವರೆ ವರ್ಷ.